ಮಳೆಗಾಲಕ್ಕೆ ಒದಗುವ ಜಾವಾ ಚೌಕಟ್ಟು ಯಾವುದು?

ಕಳಸದ ಕಾಫಿ ಬೆಳೆಗಾರರೊಬ್ಬರು ಜುಲೈನಲ್ಲಿ ಬೆಳೆಹಾನಿಗೆ ಆನ್‌ಲೈನ್ ಅರ್ಜಿ ತುಂಬುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಸರ್ವೆ ನಂಬರು, ಅರೇಬಿಕಾ ಎಷ್ಟು ಎಕರೆ, ರೊಬಸ್ಟಾ ಎಷ್ಟು, ಕೊಳೆರೋಗಕ್ಕೆ ಉದುರಿದ್ದೆಷ್ಟು ಎಂದು ಬರೆಯುವಷ್ಟರಲ್ಲಿ ಕರೆಂಟು ಹೋಗುತ್ತದೆ, ಹಿಂದೆಯೇ ನೆಟ್‌ವರ್ಕೂ. ಜಾವಾ ವೆಬ್ ಚೌಕಟ್ಟುಗಳನ್ನು ಹೋಲಿಸುವವರು ಸೆಕೆಂಡಿಗೆ ಎಷ್ಟು ಕೋರಿಕೆ ನಿಭಾಯಿಸುತ್ತದೆಂದು ಅಳೆಯುತ್ತಾರೆ. ಅರ್ಧ ತುಂಬಿದ ಅರ್ಜಿ ಆ ಹೊತ್ತಿನಲ್ಲಿ ಎಲ್ಲಿರುತ್ತದೆ ಎಂಬುದೇ ನನ್ನ ಅಳತೆಗೋಲು.

2004ರಲ್ಲಿ ಬಂದ ಜೆಎಸ್‌ಎಫ್ ಚೌಕಟ್ಟು ಪುಟದ ಸ್ಥಿತಿಯನ್ನು ಸಾಮಾನ್ಯವಾಗಿ ಸರ್ವರ್‌ನ ಸೆಷನ್‌ನಲ್ಲಿ ಇಡುತ್ತದೆ. ಟಾಮ್‌ಕ್ಯಾಟ್ ಸರ್ವರ್‌ನಲ್ಲಿ ಬದಲಿಸದೆ ಬಿಟ್ಟರೆ ಸೆಷನ್ನಿನ ಆಯಸ್ಸು 30 ನಿಮಿಷ. ಕರೆಂಟು ಗಂಟೆ ಬಿಟ್ಟು ಬಂದರೆ ಪುಟದ ಅವಧಿ ಮುಗಿದಿದೆ ಎಂಬ ದೋಷವೇ ಉತ್ತರ. ಜೆಎಸ್‌ಎಫ್‌ನ 2013ರ ಆವೃತ್ತಿ ಸ್ಥಿತಿಯಿಲ್ಲದ ಪುಟಗಳಿಗೆ ಅವಕಾಶ ಕೊಟ್ಟರೂ ಚೌಕಟ್ಟಿನ ಮೂಲ ಸ್ವಭಾವ ಬದಲಾಗಲಿಲ್ಲ. ವಾಡಿನ್ ಎಂಬ ಇನ್ನೊಂದು ಚೌಕಟ್ಟು ಇಡೀ ತೆರೆಯನ್ನೇ ಸರ್ವರ್‌ನ ನೆನಪಿನಲ್ಲಿ ನಡೆಸುತ್ತದೆ. ಚಿಕ್ಕಮಗಳೂರಿನ ಕಚೇರಿಯೊಳಗಿನ ಲೆಕ್ಕಪತ್ರಕ್ಕೆ ಅದು ಸೊಗಸಾದ ಆಯ್ಕೆ. ಮೂಡಿಗೆರೆಯ ಒಳಊರುಗಳಿಗೆ ಅಲ್ಲ.

ಇನ್ನೊಂದು ತೊಡಕಿದೆ. ಸಲ್ಲಿಸು ಒತ್ತಿದ ಮೇಲೆ ಸಂಪರ್ಕ ಕಡಿದರೆ ಅರ್ಜಿ ಹೋಯಿತೋ ಇಲ್ಲವೋ ತಿಳಿಯದು. ಮತ್ತೆ ಒತ್ತುತ್ತಾರೆ, ಎರಡು ಅರ್ಜಿಯಾಗುತ್ತದೆ. ಹಳೆಯ ಸ್ಟ್ರಟ್ಸ್ ಚೌಕಟ್ಟು ಇದನ್ನು ಮುಂಚೆಯೇ ಯೋಚಿಸಿತ್ತು. ಒಮ್ಮೆ ಮಾತ್ರ ಸಲ್ಲುವ ಟೋಕನ್ ಅದರೊಳಗೇ ಇತ್ತು. ಸ್ಪ್ರಿಂಗ್ ಎಂವಿಸಿಯಲ್ಲಿ ಅದನ್ನು ನಾವೇ ಕಟ್ಟಿಕೊಳ್ಳಬೇಕು, ಇದು ನಿಜವಾದ ಕೊರತೆ. ಹಾಗೆಂದು ಸ್ಟ್ರಟ್ಸ್‌ಗೆ ಮರಳಲಾರೆ. 2017ರಲ್ಲಿ ಅದರ ದೋಷವೊಂದನ್ನು ಸಕಾಲದಲ್ಲಿ ಸರಿಪಡಿಸದ ಅಮೆರಿಕದ ಈಕ್ವಿಫ್ಯಾಕ್ಸ್ ಸಂಸ್ಥೆಯಿಂದ ಸುಮಾರು 14.7 ಕೋಟಿ ಜನರ ಮಾಹಿತಿ ಸೋರಿತು. ಸಣ್ಣ ಕಚೇರಿಗಳ ಹಳೆಯ ಸರ್ವರ್‌ಗಳನ್ನು ಯಾರು ತಿಂಗಳು ತಿಂಗಳು ನವೀಕರಿಸುತ್ತಾರೆ?

ನನ್ನ ಆಯ್ಕೆ ಸ್ಪ್ರಿಂಗ್ ಎಂವಿಸಿಯನ್ನು ಒಳಗೊಂಡ ಸ್ಪ್ರಿಂಗ್ ಬೂಟ್, ಆದರೆ ಸರ್ವರ್‌ನಲ್ಲಿ ಮಾತ್ರ. ಬೆಳೆಗಾರರ ಮುಂದೆ ಹಗುರಾದ ಎಚ್‌ಟಿಎಂಎಲ್ ಪುಟ, ಕರಡು ಬ್ರೌಸರ್‌ನಲ್ಲೇ ಉಳಿಯಬೇಕು. ಇದಕ್ಕೆ ಮಾದರಿಯೂ ಇದೆ. ಬೆಂಗಳೂರಿನ ಐಐಐಟಿಯಲ್ಲಿ 2018ರಲ್ಲಿ ಶುರುವಾದ ಮೊಸಿಪ್ ಗುರುತಿನ ವ್ಯವಸ್ಥೆ ಸರ್ವರ್‌ನಲ್ಲಿ ಸ್ಪ್ರಿಂಗ್ ಬೂಟ್ ಮತ್ತು ವರ್ಟೆಕ್ಸ್ ಬಳಸುತ್ತದೆ. ನೋಂದಣಿ ಮಾಡುವ ಯಂತ್ರದ ತಂತ್ರಾಂಶ ಮಾತ್ರ ನೆಟ್‌ವರ್ಕ್ ಇಲ್ಲದೆಯೂ ದುಡಿಯುತ್ತದೆ. ನೋಂದಣಿ ಸಂಖ್ಯೆ ಅಲ್ಲೇ ಹುಟ್ಟುತ್ತದೆ, ಮಾಹಿತಿ ಗೂಢಲಿಪಿಯಲ್ಲಿ ಅಲ್ಲೇ ಕಾದಿದ್ದು ಸಂಪರ್ಕ ಸಿಕ್ಕಾಗ ಹೋಗುತ್ತದೆ. ಕಳಸದ ಅರ್ಜಿಗೂ ಸಂಖ್ಯೆ ಬೆಳೆಗಾರರ ಫೋನಿನಲ್ಲೇ ಹುಟ್ಟಲಿ. ಮೂರು ಸಲ ಒತ್ತಿದರೂ ಸರ್ವರ್ ಅದನ್ನು ಒಂದೇ ಅರ್ಜಿಯೆಂದು ಗುರುತಿಸುತ್ತದೆ.