ಎರಡು ಬೆರಳು, ಒಂದು ಕ್ಯೂ

ಮೈಕೆಲ್ ಮೂರ್ ಅವರ ‘ಸಿಕೋ’ (2007) ಸಾಕ್ಷ್ಯಚಿತ್ರವನ್ನು ನಾನು ಎರಡು ಸಲ ನೋಡಿದ್ದೇನೆ. ಮೊದಲ ಸಲ ಕೋಪ ಬಂದದ್ದು ಅಮೆರಿಕದ ಮೇಲೆ. ಎರಡನೇ ಸಲ, ಸ್ವಲ್ಪ ಮೂರ್ ಮೇಲೂ.

ಮರೆಯೋಕಾಗದ ದೃಶ್ಯ ಶುರುವಿನಲ್ಲೇ ಇದೆ. ವಿಮೆಯಿಲ್ಲದ ಒಬ್ಬನ ಎರಡು ಬೆರಳಿನ ತುದಿ ಗರಗಸಕ್ಕೆ ಸಿಕ್ಕಿ ತುಂಡಾಗಿವೆ. ಮಧ್ಯದ ಬೆರಳು ಜೋಡಿಸೋಕೆ 60,000 ಡಾಲರ್, ಉಂಗುರದ ಬೆರಳಿಗೆ 12,000. ತರಕಾರಿ ಅಂಗಡಿಯಲ್ಲಿ ನಿಂತು ಯಾವುದು ಅಗ್ಗ ಅಂತ ನೋಡಿದ ಹಾಗೆ, ಆತ ಉಂಗುರದ ಬೆರಳನ್ನು ಆರಿಸಿಕೊಳ್ತಾನೆ. ಮುಂದೆ ಲಂಡನ್ನಿನ ಒಂದು ಆಸ್ಪತ್ರೆ ಬರುತ್ತೆ. ಅಲ್ಲಿ ಕ್ಯಾಷಿಯರ್ ಇರೋದು ದುಡ್ಡು ಕಟ್ಟಿಸಿಕೊಳ್ಳೋಕಲ್ಲ, ಬಡ ರೋಗಿಗಳಿಗೆ ಮನೆಗೆ ಹೋಗುವ ಖರ್ಚು ಕೊಡೋಕೆ! ಅಡ್ವಾನ್ಸ್ ಕಟ್ಟಿದ ರಸೀದಿ ಹಿಡಿದು ವಾರ್ಡಿಗೆ ಓಡಿ ಅಭ್ಯಾಸವಾದ ನಮಗೆ ಇದು ಜೋಕ್ ಥರ ಕಾಣುತ್ತೆ.

ಚಿತ್ರ ಎಡವೋದು ಕೆನಡಾದಲ್ಲಿ. ಅಲ್ಲಿ ತುಂಬಾ ಕಾಯಬೇಕಂತೆ, ಹೌದಾ? ಮೂರ್ ಆಸ್ಪತ್ರೆಯಲ್ಲಿ ಕೂತವರನ್ನೇ ಕೇಳ್ತಾರೆ. ನಿಮಿಷಗಳ ಲೆಕ್ಕದಲ್ಲಿ ಉತ್ತರ ಬರುತ್ತೆ, ವಿಷಯ ಮುಗೀತು. ಆದರೆ ಜನ ತಿಂಗಳುಗಟ್ಟಲೆ ಕಾಯೋದು ತಜ್ಞ ವೈದ್ಯರಿಗೆ, ಎಂ.ಆರ್.ಐ.ಗೆ, ಸೊಂಟ-ಮಂಡಿಯ ಆಪರೇಷನ್ನಿಗೆ. ಚಿತ್ರಕ್ಕೆ ಎರಡು ವರ್ಷ ಮುಂಚೆ, 2005ರಲ್ಲಿ, ಶಾವುಲಿ ಪ್ರಕರಣದಲ್ಲಿ ಕೆನಡಾದ ಸುಪ್ರೀಂ ಕೋರ್ಟೇ ಕ್ವಿಬೆಕ್ ಪ್ರಾಂತ್ಯದ ಖಾಸಗಿ ವಿಮೆ ನಿಷೇಧವನ್ನು ಅಮಾನ್ಯ ಮಾಡಿತ್ತು. ಅಷ್ಟೊಂದು ಕಾಯಿಸಿ, ಹೊರಗೆ ಹೋಗೋ ದಾರಿಯನ್ನೂ ಮುಚ್ಚೋದು ಸರಿಯಲ್ಲ ಅನ್ನೋದು ಅದರ ಸಾರ. ಚಿತ್ರದಲ್ಲಿ ಇದರ ಸುಳಿವೇ ಇಲ್ಲ.

ಟೊರಾಂಟೊದಲ್ಲಿರೋ ನನ್ನಕ್ಕ ಮಂಡಿಯ ಎಂ.ಆರ್.ಐ.ಗೆ ಐದು ತಿಂಗಳು ಕಾದಳು. ನಾನು ಬೆಂಗಳೂರಲ್ಲಿ ಬೆಳಗ್ಗೆ ಫೋನ್ ಮಾಡಿ, ಸಂಜೆ ಕಾರ್ಡ್ ಉಜ್ಜಿ ಮಾಡಿಸ್ಕೊಂಡು ಬಂದೆ. “ನಮ್ಮೂರೇ ವಾಸಿ ಕಣಕ್ಕ” ಅಂದೆ. ಅವಳು, “ನಿಮ್ಮನೆ ಕೆಲಸಕ್ಕೆ ಬರೋ ಅಮ್ಮಂಗೂ ಮಂಡಿನೋವು ಅಂತಿದ್ಯಲ್ಲ, ಅವರ ಎಂ.ಆರ್.ಐ. ಯಾವ ಸಂಜೆ?” ಅಂದಳು. ನಾನು ಮಾತು ಬದಲಾಯಿಸಿದೆ.

ಮೂರ್ ಕೇಳಬೇಕಿದ್ದದ್ದು ಅದೇ ಪ್ರಶ್ನೆ. ಕೆನಡಾದಲ್ಲಿ ಕಾಯೋರ ಪಟ್ಟಿಯಾದರೂ ಇದೆ. ಬಿಲ್ಲಿಗೆ ಹೆದರಿ ಆಸ್ಪತ್ರೆಗೇ ಹೋಗದ ಅಮೆರಿಕನ್ನನ ಹೆಸರು ಯಾವ ಪಟ್ಟಿಯಲ್ಲೂ ಇರಲ್ಲ. ಆತ ಕಾದ ದಿನಗಳನ್ನು ಯಾರೂ ಎಣಿಸಲ್ಲ. ಕ್ಯೂ ಚಿಕ್ಕದಾಗಿ ಕಾಣೋದು ಅದಕ್ಕೂ ಇರಬಹುದಲ್ಲ? ಕೆನಡಾದ ಉದ್ದ ಕ್ಯೂವನ್ನು ಧೈರ್ಯವಾಗಿ ತೋರಿಸಿಯೇ ಈ ಮಾತು ಹೇಳಬಹುದಿತ್ತು. ಮುಚ್ಚಿಟ್ಟು, ಬೈಯೋರ ಕೈಗೆ ತಾನೇ ಕಲ್ಲು ಕೊಟ್ಟ ಪುಣ್ಯಾತ್ಮ.

ಆದರೂ ನೋಡಿ. ಆ ಲಂಡನ್ನಿನ ಕ್ಯಾಷಿಯರಿಗೋಸ್ಕರವಾದರೂ.