ಬಣ್ಣಕ್ಕೆ ಅರಿಶಿನವೇ ಮೊದಲು

ಮಕ್ಕಳನ್ನು ಕೂರಿಸಿಕೊಂಡು ಮನೆಯಲ್ಲೇ ಬಟ್ಟೆಗೆ ಬಣ್ಣ ಹಾಕಬೇಕು ಅನ್ನುವವರು ಮೊದಲು ಬೀಟ್‌ರೂಟಿನ ಆಸೆ ಬಿಡಬೇಕು. ಪಾತ್ರೆಯಲ್ಲಿ ಅದರ ಕೆಂಪು ಎಂಥವರನ್ನೂ ಮರುಳು ಮಾಡುತ್ತದೆ. ಎರಡು ಒಗೆತಕ್ಕೆ ಹೇಳಹೆಸರಿಲ್ಲ. ಹಾಗೆ ನೋಡಿದರೆ ಅರಿಶಿನವೂ ನಿಲ್ಲುವ ಬಣ್ಣವಲ್ಲ, ಬಿಸಿಲು ಕಂಡರೆ ಬಿಳಚಿಕೊಳ್ಳುತ್ತದೆ. ಆದರೂ ನನ್ನ ಓಟು ಅರಿಶಿನಕ್ಕೇ. ಬಣ್ಣ ಎಷ್ಟು ದಿನ ಬಾಳುತ್ತದೆ ಅನ್ನುವ ಚಿಂತೆ ನಮ್ಮದು. ಐದಾರು ವರ್ಷದವರಿಗೆ ಕಣ್ಣೆದುರಿಗೆ ಏನೋ ಆಗಬೇಕು.

ಹಳೆಯ ಹತ್ತಿ ಪಂಚೆಯ ತುಂಡು ಸಾಕು. ಹೊಸ ಬಟ್ಟೆಯಾದರೆ ವಾಷಿಂಗ್ ಸೋಡಾ ಹಾಕಿ ಕುದಿಸಿ, ಗಂಜಿ ಪೂರ್ತಿ ಬಿಡಿಸಿ, ಚೆನ್ನಾಗಿ ಜಾಲಿಸಿ. ಪಾಲಿಯೆಸ್ಟರ್ ಬೆರೆತದ್ದು ಬೇಡ, ಬಣ್ಣ ಕುಡಿಯುವುದಿಲ್ಲ. ಅರಿಶಿನದ ನೀರಿನಲ್ಲಿ ಅರ್ಧ ಗಂಟೆ ಕುದಿಸಿ, ಹಿಂಡಿ, ನೆರಳಿನಲ್ಲಿ ಒಣಹಾಕಿ. ಒಲೆಯ ಕೆಲಸ ದೊಡ್ಡವರದು. ಆಮೇಲೆ ಮಕ್ಕಳ ಕೈಗೆ ಹಳೆಯ ಟೂತ್‌ಬ್ರಷ್ಷು, ಒಂದು ಬಟ್ಟಲು ಬಟ್ಟೆಸೋಪಿನ ನೀರು. ಗೀಟೆಳೆದಲ್ಲೆಲ್ಲ ಹಳದಿ ಹೋಗಿ ಇಟ್ಟಿಗೆಗೆಂಪು! ಅದರ ಮೇಲೆ ನಿಂಬೆರಸ ತೊಟ್ಟಿಕ್ಕಿಸಿದರೆ ಮತ್ತೆ ಹಳದಿ. ಆರತಿ ತಟ್ಟೆಯ ಓಕುಳಿಯೂ ಇದೇ ವಿದ್ಯೆ: ಸುಣ್ಣವೋ ಸೋಪೋ, ಕ್ಷಾರ ತಾಗಿದರೆ ಅರಿಶಿನ ಕೆಂಪಾಗುತ್ತದೆ, ಹುಳಿ ತಾಗಿದರೆ ಹಿಂದಕ್ಕೆ ಬರುತ್ತದೆ. 'ಅಜ್ಜೀ, ಅದಕ್ಕೆ ಸೋಪು ಕಂಡ್ರೆ ಕೋಪಾನಾ?' ಅಂದಿತು ಪಕ್ಕದ ಮನೆ ಮಗು. ಅದರ ಬಟ್ಟೆಯಲ್ಲಿ ಆಗಲೇ ಹಳದಿಗೆ ಜಾಗವಿರಲಿಲ್ಲ.

ಇನ್ನು ನಿಲ್ಲುವ ಬಣ್ಣ. ಅದಕ್ಕೆ ಅಳಲೆಕಾಯಿ ಪುಡಿಯ ನೀರಿನಲ್ಲಿ ಬಟ್ಟೆ ನೆನೆಸಿಡಬೇಕು. ಹತ್ತಿಗೆ ಬಣ್ಣ ಹಿಡಿಯುವ ಗುಣ ಕಮ್ಮಿ. ಅಳಲೆಯ ಒಗರು ಆ ಕೊರತೆ ತುಂಬುತ್ತದೆ. ನಂತರ 100 ಗ್ರಾಂ ಬಟ್ಟೆಗೆ 15 ಗ್ರಾಂ ಲೆಕ್ಕದಲ್ಲಿ ಪಟಿಕ, ಆಮೇಲೆ ಈರುಳ್ಳಿ ಸಿಪ್ಪೆಯ ಕಷಾಯ. ಹೊಂಬಣ್ಣ ಬರುತ್ತದೆ. ಸಿಪ್ಪೆ ಕೂಡಿಹಾಕುವ ಕೆಲಸಕ್ಕೆ ಮಕ್ಕಳಷ್ಟು ಶ್ರದ್ಧೆ ಯಾರಿಗೂ ಇಲ್ಲ.

ಒಂದು ತುಂಡನ್ನು ಪಟಿಕ ಹಾಕದೆ ಅಳಲೆಯಲ್ಲಷ್ಟೇ ಅದ್ದಿ ಒಣಗಿಸಿ ಇಟ್ಟುಕೊಳ್ಳಿ. ತುಕ್ಕು ಹಿಡಿದ ಮೊಳೆಗಳನ್ನು ಬೆಲ್ಲದ ನೀರಿನಲ್ಲಿ ಕೆಲವು ವಾರ ಹುಳಿಬರಿಸಿದರೆ ಮಸಿ ಸಿದ್ಧ. ಬಟ್ಟೆಗೆ ತಾಗಿಸಿದ್ದೇ ತಡ, ಅದು ಕಪ್ಪಾಗತೊಡಗುತ್ತದೆ. ಶ್ರೀಕಾಳಹಸ್ತಿಯ ಕಲಂಕಾರಿಯ ಕಪ್ಪು ಗೆರೆ ಹುಟ್ಟುವುದು ಹೀಗೆಯೇ. ಆ ಬಾಟಲಿಗೆ ಮಾತ್ರ ಚೀಟಿ ಅಂಟಿಸಿ ಮೇಲಿನ ಅಟ್ಟಕ್ಕೆ ಏರಿಸಿಬಿಡಿ. ಕಬ್ಬಿಣದ ನೀರು ಮಕ್ಕಳ ಹೊಟ್ಟೆಗೆ ಹೋಗಬಾರದು. ಅಂಗಡಿಯ ರಾಸಾಯನಿಕ ಬಣ್ಣದ ಪುಡಿಯೂ ಈ ವಯಸ್ಸಿಗೆ ಬೇಡ. ಅದರ ದೂಳು ಮೂಗಿಗೆ ಹೋಗುತ್ತದೆ.

ಮಲೆನಾಡಿನಲ್ಲಿ ನೆಂಟರಿದ್ದರೆ ಅಡಿಕೆ ಬೇಯಿಸುವ ಕಾಲದಲ್ಲಿ ಒಂದು ಬಾಟಲಿ ಚೊಗರು, ಅಂದರೆ ಅಡಿಕೆ ಬೆಂದ ನೀರು, ತರಿಸಿಕೊಳ್ಳಿ. ಹೆಗ್ಗೋಡು ಕಡೆಯ 'ಚರಕ' ಸಂಸ್ಥೆಯವರು ಕೈಮಗ್ಗದ ಬಟ್ಟೆಗೆ ಕೆಂಗಂದು ಕೊಡುವುದು ಇದರಿಂದಲೇ. 'ಬಟ್ಟೆಗೆ ತಾಗಿಸ್ಕೋಬೇಡಿ, ಕಲೆ ಹೋಗೋದೇ ಇಲ್ಲ' ಎಂದು ನೆಂಟರು ಎಚ್ಚರಿಸುತ್ತಾರೆ. ಹೂಂ ಅನ್ನಿ, ಎರಡು ಬಾಟಲಿ ಕೇಳಿ.