ಅರ್ಥಶಾಸ್ತ್ರಜ್ಞರ ಆತ್ಮಕಥನದಲ್ಲಿ ‘ಯಾಕೆ ಬಂದೆ’ ಎಂಬ ಪ್ರಶ್ನೆ

ನನಗಿಂತ ಮುಂಚೆ ಮಾತಾಡಿದವರು, ದೊಡ್ಡ ಅರ್ಥಶಾಸ್ತ್ರಜ್ಞರೆಲ್ಲ ಬಡತನ ಕಂಡು ಮನಸ್ಸು ಕರಗಿ ಈ ಶಾಸ್ತ್ರಕ್ಕೆ ಬಂದವರು ಅಂದರು. ನಾನದನ್ನು ಪೂರ್ತಿ ಒಪ್ಪೋದಿಲ್ಲ. ಅಕ್ಕಲಕೋಟ ಕಡೆ ಅರ್ಥಶಾಸ್ತ್ರ ಕಲಿಸುವವನು ನಾನು. ವರ್ಷಾ ಹೊಸ ಹುಡುಗರಿಗೆ ‘ಈ ವಿಷಯ ಯಾಕ ತಗೊಂಡ್ರಿ’ ಅಂತ ಕೇಳ್ತೀನಿ. ಹಾಗಾಗಿ ಇದು ನನಗೆ ದಿನದ ಪ್ರಶ್ನೆಯೂ ಹೌದು.

ಬಡತನ ಕಂಡು ಬಂದವರು ಇಲ್ಲವೆಂದಲ್ಲ. ಆಲ್ಫ್ರೆಡ್ ಮಾರ್ಷಲ್ ರಜೆಯಲ್ಲಿ ಇಂಗ್ಲೆಂಡಿನ ನಗರಗಳ ಬಡ ಕೇರಿಗಳನ್ನು ಸುತ್ತಿ, ಅಲ್ಲಿಯ ಮುಖಗಳನ್ನು ನೋಡಿ ಈ ಅಭ್ಯಾಸ ಹಿಡಿದೆ ಎಂದು ಬರೆದಿಟ್ಟಿದ್ದಾರೆ. ಆದರೆ ಅಮರ್ತ್ಯ ಸೇನ್ ಅವರನ್ನು ನೋಡ್ರಿ. 1943ರ ಬಂಗಾಳ ಕ್ಷಾಮದಾಗ ಅವರು ಒಂಬತ್ತು ವರ್ಷದ ಹುಡುಗ. ಗಲಭೆಯ ದಿನಗಳಲ್ಲಿ ಢಾಕಾದ ಮನೆಯ ಗೇಟಿನೊಳಗೆ ಇರಿತದ ಗಾಯದಿಂದ ರಕ್ತ ಸುರಿಸುತ್ತ ಬಂದ ಕೂಲಿಯಾಳು ಕಾದರ್ ಮಿಯಾನನ್ನೂ ಕಂಡರು. ಮನೆಯಲ್ಲಿ ಉಣ್ಣಲಿಕ್ಕೆ ಇಲ್ಲದ್ದಕ್ಕೇ ಆತ ಆ ಕೇರಿಗೆ ಕೆಲಸಕ್ಕೆ ಹೋಗಿದ್ದ, ಮುಂದೆ ಸತ್ತ. ಇಷ್ಟು ಹೇಳಿ ನಾವು ‘ಆದ್ದರಿಂದ ಅರ್ಥಶಾಸ್ತ್ರಜ್ಞರಾದರು’ ಅಂತ ಮುಗಿಸಿಬಿಡ್ತೀವಿ. ಆ ‘ಆದ್ದರಿಂದ’ ನಾವು ಸೇರಿಸಿದ್ದು. ಹದಿನೇಳರ ತನಕ ಸಂಸ್ಕೃತ, ಗಣಿತ, ಭೌತಶಾಸ್ತ್ರಗಳ ನಡುವೆ ಓಲಾಡಿದೆ ಎಂದೂ ಅವರೇ ಬರೆದಿದ್ದಾರಲ್ಲ! 1970ರ ಅವರ ಮುಖ್ಯ ಪುಸ್ತಕ ಸಾಮೂಹಿಕ ಆಯ್ಕೆಯ ಕುರಿತದ್ದು, ಅದರಲ್ಲಿ ಅಧ್ಯಾಯ ಬಿಟ್ಟು ಅಧ್ಯಾಯ ಗಣಿತ. ಕ್ಷಾಮದ ಪುಸ್ತಕ ಬಂದದ್ದು 1981ರಲ್ಲಿ, ಅಂದರೆ 38 ವರ್ಷದ ಮೇಲೆ. ತನ್ನ ಶಾಲೆಯಲ್ಲಿ, ನೆಂಟರಲ್ಲಿ ಯಾರೂ ಉಪವಾಸ ಬೀಳಲಿಲ್ಲ ಎಂಬ ಬಾಲ್ಯದ ನೆನಪಿಗೆ ಅಲ್ಲಿ ಅರ್ಥ ಸಿಗುತ್ತದೆ: ಧಾನ್ಯ ಎಷ್ಟಿತ್ತು ಎಂಬುದಷ್ಟೇ ಅಲ್ಲ, ಅದನ್ನು ಪಡೆಯುವ ದಾರಿ ಯಾರಿಗಿತ್ತು ಎಂಬುದು ಪ್ರಶ್ನೆ. ಕಂಡದ್ದು ಅವರನ್ನು ಬಾಗಿಲ ತನಕ ತಂದಿತೋ ಇಲ್ಲವೋ, ಒಳಗೆ ಬಂದ ಮೇಲಂತೂ ಕೆಲಸಕ್ಕೆ ಬಂತು.

ಪಾಲ್ ಸ್ಯಾಮುಯೆಲ್‌ಸನ್ ಇನ್ನೂ ಬಿಚ್ಚಿ ಹೇಳುತ್ತಾರೆ. 1932ರ ಜನವರಿ 2ರಂದು ಶಿಕಾಗೋದಲ್ಲಿ ಮಾಲ್ಥಸ್ ಕುರಿತ ಪಾಠ ಕೇಳಿದಾಗಲೇ ತಾನು ಹುಟ್ಟಿದ್ದಂತೆ. ಹೊರಗೆ ಮಹಾ ಕುಸಿತ, ಅವರ ನೆನಪಿನಲ್ಲಿ ಮಾತ್ರ ತರಗತಿ.

ಅಂಬೇಡ್ಕರರದು ಬೇರೆ. ಶಾಲೆಯಲ್ಲಿ ಗೋಣಿತಟ್ಟಿನ ಮೇಲೆ ಪ್ರತ್ಯೇಕ ಕೂತ ಹುಡುಗ, 1923ರಲ್ಲಿ ಪ್ರಕಟಿಸಿದ್ದು ರೂಪಾಯಿಯ ಸಮಸ್ಯೆಯ ಪುಸ್ತಕ. ನೋವೇ ವಿಷಯ ಆರಿಸುತ್ತದೆ ಅನ್ನುವವರು ಇದಕ್ಕೇನಂತಾರ? 1913ರಲ್ಲಿ ಅವರು ಕೊಲಂಬಿಯಾಕ್ಕೆ ಹೋದದ್ದು ಬರೋಡಾದ ವಿದ್ಯಾರ್ಥಿವೇತನದ ಮೇಲೆ. ಪ್ರೇರಣೆಯ ಕತೆಗಳಲ್ಲಿ ಈ ರೊಕ್ಕದ ಮಾತು ಯಾಕೋ ಕಡೆಗೆ ಬರುತ್ತದೆ.

ನನ್ನ ಪ್ರಶ್ನೆಗೆ ಒಬ್ಬ ಹುಡುಗಿ ಹೇಳಿದ್ದಳು: “ಸರ್, ಕನ್ನಡ ಸಾಲಿ ಹತ್ತಕ್ಕ ಮುಗೀತು. ಸೈನ್ಸ್ ಅಂದ್ರ ಸೋಲಾಪುರಕ್ಕ ಹೋಗಬೇಕು, ಮನ್ಯಾಗ ರೊಕ್ಕಿಲ್ರಿ. ಇಲ್ಲಿ ಆರ್ಟ್ಸ್ ಐತಿ, ಅದಕ್ಕ.” ಮರಾಠಿ ಪುಸ್ತಕದ ಮಗ್ಗುಲಿಗೆ ಕನ್ನಡದಲ್ಲಿ ಅರ್ಥ ಬರ್ಕೊಂಡು ಓದ್ತಾಳ. ಮೊನ್ನೆ ಒಂದು ನೋಟ್‌ಬುಕ್ ತಂದಿದ್ದಳು. ಅವ್ವ ಕಳೆ ತೆಗೆಯಲು ಹೋದ ದಿನ, ಸಿಕ್ಕ ಕೂಲಿ, ಅದೇ ಹೊಲದಾಗ ಗಂಡಸರಿಗೆ ಸಿಕ್ಕ ಕೂಲಿ, ಎಲ್ಲ ಬರೆದಾಳ. “ಇದು ನಮ್ಮ ಸಿಲಬಸ್‌ನಾಗ ಬರ್ತದೇನ್ರಿ?” ಅಂತ ಕೇಳಿದಳು.

ಸಮಯ ಆಯಿತು ಅಂತ ಸಂಚಾಲಕರು ಚಾಟ್‌ನಲ್ಲಿ ಹಾಕಿದ್ದಾರೆ. ಇಲ್ಲಿಗೆ ನಿಲ್ಲಿಸ್ತೀನಿ.